ಯುದ್ಧವಿಮಾನ ಚಿತ್ರಗಳೂ ಅಂಕಿತದ ಬೆಲೆಯೂ

ಸಂಗ್ರಹಬುದ್ಧಿಯು ಮನುಷ್ಯನಿಗೆ ಸಹಜವಾದುದು. ನಾಣ್ಯ, ಅಂಚೆಚೀಟಿ, ತಾಳೆಯೋಲೆ, ಹಳೆಯ ಗಡಿಯಾರ ಮೊದಲಾದುವನ್ನು ಕೂಡಿಡುವವರು ಯಾವ ಊರಿನಲ್ಲಿಯೂ ಇಲ್ಲದಿಲ್ಲ. ಇಂಥ ಸಂಗ್ರಹಗಳ ಸಾಲಿಗೆ 1970ರ ದಶಕದ ಕೊನೆಯಿಂದೀಚೆಗೆ ಇಂಗ್ಲೆಂಡು, ಅಮೆರಿಕೆಗಳಲ್ಲಿ ಹೊಸದೊಂದು ಸೇರಿ ಬಲವಾಗಿ ಬೇರೂರಿದೆ. ಅದು ಯುದ್ಧವಿಮಾನಗಳ ಮುದ್ರಿತ ಚಿತ್ರಗಳ ಸಂಗ್ರಹ. ಚಿತ್ರಕಾರನು ತೈಲವರ್ಣದಲ್ಲಿ ಬರೆದ ಒಂದು ಮೂಲಚಿತ್ರ. ಅದರಿಂದ ಅಚ್ಚುಮಾಡಿದ, ಎಣಿಕೆಗೆ ಕಟ್ಟುಬಿದ್ದ ಪ್ರತಿಗಳು. ಪ್ರತಿಯೊಂದರ ಅಂಚಿನಲ್ಲಿಯೂ ಸೀಸದಕಡ್ಡಿಯಿಂದ ಬರೆದ ಕ್ರಮಸಂಖ್ಯೆ. ಅದರ ಬಳಿ ಚಿತ್ರಕಾರನ ರುಜು. ಜೊತೆಯಲ್ಲಿ, ಅಂಥ ವಿಮಾನವನ್ನು ಆ ಯುದ್ಧದಲ್ಲಿ ತಾನೇ ನಡೆಸಿ ಬದುಕಿಬಂದ ವೃದ್ಧಸೈನಿಕನ ರುಜು. ಚಿತ್ರ, ಸಂಖ್ಯೆ, ಅಂಕಿತ ಎಂಬ ಮೂರು ಪದಾರ್ಥಗಳು ಹೀಗೆ ಒಂದೇ ಹಾಳೆಯಲ್ಲಿ ಕೂಡಿಕೊಂಡಿರುವುದರಿಂದ, ಕೊಳ್ಳುವವನು ಯಾವುದಕ್ಕೆ ಹಣ ತೆರುತ್ತಾನೆಂಬುದು ಎಷ್ಟೋ ಸಲ ಅವನಿಗೇ ಸ್ಪಷ್ಟವಿರುವುದಿಲ್ಲ. ಈ ಮೂರನ್ನೂ ಬಿಡಿಸಿ ನೋಡದೆ ಈ ಕಲೆಯ ಗುಣದೋಷವಿವೇಚನೆಯು ಸಾಧ್ಯವಿಲ್ಲ.

ಉಡುಪಿ ಬನ್ನಂಜೆಗಳ ಗೃಹಸ್ಥರಿಗೆ ಪರದೇಶದ ಈ ಹವ್ಯಾಸದಿಂದ ಆಗಬೇಕಾದುದೇನೆಂದು ಕೇಳುವವರಿಲ್ಲದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಹೆಸರನ್ನೂ ಗಂಡಭೇರುಂಡದ ಲಾಂಛನವನ್ನೂ ಹೊತ್ತ ವಿಮಾನದಳವೊಂದು ಯೂರೋಪಿನ ಆಕಾಶದಲ್ಲಿ ಹೋರಾಡಿತು. 1965ರಲ್ಲಿ ಕೊಡಗಿನ ವೀರನೊಬ್ಬನು ತನ್ನ ವಿಮಾನಕ್ಕಿಂತ ಇಮ್ಮಡಿ ವೇಗದ ಶತ್ರುವಿಮಾನವನ್ನು ಕೆಡವಿ ತಾನೂ ಮಡಿದನು. ಆದಕಾರಣ ವಿಷಯವು ಕನ್ನಡಿಗರಿಗೆ ಅಷ್ಟು ಹೊರಗಿನದಲ್ಲ.

ಮೊದಲು ಸಂಖ್ಯೆಯ ಮಾತು. ಹಾಳೆಯ ಅಂಚಿನಲ್ಲಿ ಮೇಲೊಂದು ಅಂಕೆ, ಕೆಳಗೊಂದು ಅಂಕೆ ಇರುವುದು. ಮೇಲಿನದು ಆ ಪ್ರತಿಯ ಸರದಿ, ಕೆಳಗಿನದು ಒಟ್ಟು ಪ್ರತಿಗಳ ಎಣಿಕೆ. ಎಣಿಕೆಯು ಕೆಲವು ನೂರುಗಳಿಂದ ಸಾವಿರದವರೆಗೂ ಇರುವುದುಂಟು. ಇವಲ್ಲದೆ ಚಿತ್ರಕಾರನ ಪಾಲಿನವೆಂಬ ಕೆಲವು ಪ್ರತಿಗಳನ್ನು ಬೇರೆಯಾಗಿ ಎಣಿಸುವರು. ಇನ್ನು ಕೆಲವಕ್ಕೆ ಚಿತ್ರಕಾರನು ಅಂಚಿನ ಖಾಲಿ ಜಾಗದಲ್ಲಿ ಸಣ್ಣದೊಂದು ರೇಖಾಚಿತ್ರವನ್ನು ಕೈಯಿಂದ ಬರೆದುಕೊಡುವನು. ಇದಕ್ಕೆ ರೆಮಾರ್ಕ್ ಎಂದು ಹೆಸರು. ಇಂಥ ಪ್ರತಿಗೆ ಬೆಲೆ ಹೆಚ್ಚು, ಮತ್ತು ಈ ಹೆಚ್ಚುವರಿಯು ನ್ಯಾಯವಾದುದೇ. ಏಕೆಂದರೆ ಇಡೀ ಹಾಳೆಯಲ್ಲಿ ಚಿತ್ರಕಾರನ ಕೈ ನಿಜವಾಗಿ ಚಿತ್ರ ಬರೆದಿರುವುದು ಆ ಎರಡಂಗುಲ ಜಾಗದಲ್ಲಿ ಮಾತ್ರ.

ಪ್ರತಿಗಳಿಗೆ ಮಿತಿಯನ್ನು ಕಟ್ಟುವ ಪದ್ಧತಿಯು ಹಳೆಯದು. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರವನ್ನು ಒತ್ತಿ ತೆಗೆಯುವಾಗ ತಗಡು ಸವೆಯುತ್ತ ಹೋಗುವುದು. ಮೊದಲ ಪ್ರತಿಗಳ ಕಪ್ಪು ಕೊನೆಯ ಪ್ರತಿಗಳಿಗೆ ಬಾರದು. ಅಲ್ಲಿ ಮಿತಿಯನ್ನು ಕಟ್ಟಿದುದು ವಸ್ತುಸ್ವಭಾವವೇ. ಸರದಿಯ ಅಂಕೆಗೂ ಅಲ್ಲಿ ಅರ್ಥವಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ವಿಸ್ಲರ್ ಮೊದಲಾದ ಚಿತ್ರಕಾರರು ಇಂಥ ಪ್ರತಿಗಳಿಗೆ ಸೀಸದಕಡ್ಡಿಯಿಂದ ರುಜು ಹಾಕುವ ರೂಢಿಯನ್ನು ಬೆಳೆಸಿದರು. ಕಲ್ಲಚ್ಚಿನಲ್ಲಿಯೂ ಚಿತ್ರಕಾರನು ಕಲ್ಲಿನ ಮೇಲೆ ತಾನೇ ಬರೆಯಬಹುದು. ಕರಾವಳಿಯವರಿಗೆ ಕಲ್ಲಚ್ಚು ಅಪರಿಚಿತವಲ್ಲ. 1841ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚುಕೂಟವನ್ನು ತೆರೆದಾಗ ಕೆಲಸವು ಕಲ್ಲಿನಿಂದಲೇ ಆರಂಭವಾಯಿತು. 1843ರಲ್ಲಿ ಮೊಗ್ಲಿಂಗ್ ಹೊರಡಿಸಿದ ಮಂಗಳೂರು ಸಮಾಚಾರವು ಕಲ್ಲಿನ ಮೇಲೆ ಮೂಡಿದ ಪತ್ರಿಕೆಯೇ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಇಂಗ್ಲೆಂಡಿನ ನೆವಿನ್ಸನ್ ಎಂಬವನು ವಿಮಾನನಿರ್ಮಾಣವನ್ನು ವಿಷಯವಾಗಿಸಿ ಆರು ಕಲ್ಲಚ್ಚುಗಳನ್ನು ರಚಿಸಿದನು. ಅವುಗಳಲ್ಲಿ ಮೂರು ಕಾರ್ಖಾನೆಯವು, ಮೂರು ಆಕಾಶದವು. ನಾಲ್ಕು ಸಾವಿರ ಅಡಿ ಎತ್ತರದಲ್ಲಿ ವಿಮಾನವು ಮಗ್ಗುಲಾಗಿ ತಿರುಗುವಾಗ ಭೂಮಿಯು ಹೇಗೆ ಓರೆಯಾಗಿ ಏಳುವುದೆಂಬುದು ಅದರಲ್ಲೊಂದರ ವಿಷಯ. ಈ ಜಾತಿಯ ಚಿತ್ರಗಳಿಗೆ ಅವನ್ನೇ ಮೂಲಪುರುಷವೆನ್ನಬಹುದು.

ಈಗಿನ ಮುದ್ರಣವಾದರೋ ಬೇರೆ. ತೈಲಚಿತ್ರವನ್ನು ಛಾಯಾಗ್ರಹಣ ಮಾಡಿ, ಬಣ್ಣಗಳನ್ನು ಸಣ್ಣ ಸಣ್ಣ ಬಿಂದುಗಳಾಗಿ ಒಡೆದು, ಆಫ್‌ಸೆಟ್ ಯಂತ್ರದಲ್ಲಿ ಓಡಿಸುವರು. ಯಂತ್ರಕ್ಕೆ ಸಾವಿರವೂ ಒಂದೇ, ಹತ್ತು ಸಾವಿರವೂ ಒಂದೇ. ಒಂದನೆಯ ಪ್ರತಿಗೂ ಎಂಟುನೂರನೆಯ ಪ್ರತಿಗೂ ಕಣ್ಣಿಗೆ ಕಾಣುವ ಭೇದವಿಲ್ಲ. ಇಲ್ಲಿ ಮಿತಿಯೆಂಬುದು ಪ್ರಕಾಶಕನ ಪ್ರತಿಜ್ಞೆಯೇ ಹೊರತು ಪದಾರ್ಥದ ಧರ್ಮವಲ್ಲ. ಪ್ರತಿಜ್ಞೆಯನ್ನು ಪಾಲಿಸುವ ಸತ್ಪುರುಷರು ಇಲ್ಲವೆಂದಲ್ಲ, ಬಹುಮಂದಿ ಪಾಲಿಸುವರು. ಆದರೂ ಕೊಳ್ಳುವವನು ತನ್ನ ಕೈಗೆ ಬಂದುದು ಕೃತಿಯಲ್ಲ, ಕೃತಿಯ ಪ್ರತಿಬಿಂಬವೆಂಬುದನ್ನು ಮರೆಯಬಾರದು. ಸಣ್ಣ ಸರದಿಯಂಕೆಗೆ ಹೆಚ್ಚು ಹಣ ತೆರುವುದಂತೂ ಕೇವಲ ಭ್ರಾಂತಿ.

ಈ ಸಂದರ್ಭದಲ್ಲಿ ರವಿವರ್ಮನ ಅಚ್ಚಿನ ಪಟಗಳು ನೆನಪಿಗೆ ಬಾರದಿರವು. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ ಆತನು ಲಕ್ಷ್ಮಿ, ಸರಸ್ವತಿ, ಶಕುಂತಲೆಯರನ್ನು ಮನೆಮನೆಗೆ ಕಳುಹಿಸಿದನು. ಅವಕ್ಕೆ ಮಿತಿಯಿರಲಿಲ್ಲ, ಸರದಿಯಂಕೆಯಿರಲಿಲ್ಲ, ಕೈಯ ರುಜುವಿರಲಿಲ್ಲ. ಉಡುಪಿಯ ಸುತ್ತಿನ ಹಳೆಯ ಮನೆಗಳ ಚಾವಡಿಯಲ್ಲಿ ಅವು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಬಾಗಿ, ದೀಪದ ಹೊಗೆಯಿಂದ ಕಪ್ಪಾಗಿ, ಮೂರು ತಲೆಮಾರಿನ ಕುಂಕುಮವನ್ನು ಗಾಜಿನ ಮೇಲೆ ಧರಿಸಿ ನಿಂತಿದ್ದುವು. ಮನೆಗಳನ್ನು ಕೆಡವುವಾಗ ಗುಜರಿಗೆ ಹೋಗುತ್ತಿದ್ದ ಇಂಥ ವಸ್ತುಗಳ ಬೆಲೆಯನ್ನು ಅರಿತು ಮಣಿಪಾಲದಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ಕಟ್ಟಿದ ವಿಜಯನಾಥ ಶೆಣೈಯವರು (1934-2017) ಸಂಗ್ರಹಕಾರರಲ್ಲಿ ಉತ್ತಮರು. ಸಾವಿರಗಟ್ಟಲೆ ಅಚ್ಚಾದ ಪಟವೂ ಕಾಲಕ್ರಮದಲ್ಲಿ ದುರ್ಲಭವಾಗುವುದು; ಅದನ್ನು ದುರ್ಲಭ ಮಾಡುವುದು ಗೆದ್ದಲು, ಮಳೆ ಮತ್ತು ಅನಾದರ. ಅಂಥ ವಿರಳತೆಗೆ ಯಾರ ಪ್ರಮಾಣಪತ್ರವೂ ಬೇಡ.

ಇನ್ನು ಅಂಕಿತ. ಈ ವಿಷಯದ ಜೀವವಿರುವುದು ಇಲ್ಲಿಯೇ.

ದಾಸರ ಪದಗಳನ್ನು ಹಾಡುವವರಿಗೆ ಅಂಕಿತವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪದದ ಕೊನೆಯಲ್ಲಿ ಬರುವ ಆ ಹೆಸರು ಹಾಡಿದವನದಲ್ಲ, ಹಾಡಿಗೆ ಒಡೆಯನಾದ ದೇವರದು, ಗುರುವು ಕೊಟ್ಟದ್ದು. ಕೃತಿಯು ತನ್ನದಲ್ಲವೆಂದು ಹೇಳುವುದಕ್ಕಾಗಿ ಇಡುವ ಮುದ್ರೆಯದು. ಯೂರೋಪಿನ ರುಜುವು ಇದಕ್ಕೆ ತದ್ವಿರುದ್ಧ; ಇದು ತನ್ನದೆಂದು ಸಾರುವುದು. ವಿಮಾನಚಿತ್ರದ ಮೇಲಣ ಸೈನಿಕನ ರುಜುವಾದರೋ ಈ ಎರಡಕ್ಕೂ ಸೇರದ ಮೂರನೆಯ ಬಗೆ. ಅವನು ಚಿತ್ರವನ್ನು ಬರೆದವನಲ್ಲ. ಚಿತ್ರದ ಒಡೆಯನೂ ಅಲ್ಲ. ಅವನು ಸಾಕ್ಷಿ. ಪತ್ರವ್ಯವಹಾರದಲ್ಲಿ ಬಿಕ್ಕಲಂದಾರನ ರುಜುವಿನ ಕೆಳಗೆ ಸಾಕ್ಷಿಗಳು ಹಾಕುವ ರುಜುವಿನಂತೆಯೇ ಇದು.

ಬಾತ್ ನಗರದ ರಾಬರ್ಟ್ ಟೇಲರನ ಸ್ಪಿಟ್‌ಫೈರ್ ಚಿತ್ರಕ್ಕೆ ಡಗ್ಲಸ್ ಬೇಡರ್, ಜಾನಿ ಜಾನ್ಸನ್ ಎಂಬ ಇಬ್ಬರು ಪ್ರಸಿದ್ಧ ಚಾಲಕರು ರುಜು ಹಾಕಿದುದರಿಂದ ಈ ಪದ್ಧತಿಯು ಪ್ರಚಾರಕ್ಕೆ ಬಂತು. ಬೇಡರನು 1931ರ ಅಪಘಾತದಲ್ಲಿ ಎರಡೂ ಕಾಲುಗಳನ್ನು ಕಳೆದುಕೊಂಡು, ಕೃತಕ ಪಾದಗಳಿಂದ ವಿಮಾನ ನಡೆಸಿ ಯುದ್ಧಮಾಡಿದವನು, 1982ರಲ್ಲಿ ತೀರಿಕೊಂಡನು. ಆಮೇಲೆ ಆತನ ರುಜುವುಳ್ಳ ಹೊಸ ಹಾಳೆ ಹುಟ್ಟುವಂತಿಲ್ಲವಷ್ಟೆ. ಕೆಲವು ಹಾಳೆಗಳಲ್ಲಿ ಇನ್ನೊಂದು ವಿಶೇಷವುಂಟು. ಒಂದೇ ಆಕಾಶದಲ್ಲಿ ಪರಸ್ಪರ ಕೊಲ್ಲಲು ಹೊರಟ ಎರಡು ಪಕ್ಷದವರು ಒಂದೇ ಅಂಚಿನಲ್ಲಿ ಅಕ್ಕಪಕ್ಕ ರುಜು ಹಾಕಿರುವರು. ಜರ್ಮನಿಯ ಆಡಾಲ್ಫ್ ಗಾಲಂಡನೂ ಇಂಗ್ಲೆಂಡಿನ ಸ್ಟಾನ್‌ಫರ್ಡ್ ಟಕ್ಕನೂ ಯುದ್ಧಾನಂತರ ಆಪ್ತಮಿತ್ರರಾದರು. ಶರಶಯ್ಯೆಯಲ್ಲಿದ್ದ ಭೀಷ್ಮನ ಬಳಿಗೆ ಧರ್ಮರಾಜನು ಉಪದೇಶ ಕೇಳಲು ಹೋದ ಕಥೆಯನ್ನು ಕೇಳಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ತೋರದು. ಆದರೆ ಆ ಹಾಳೆಯನ್ನು ನೋಡಿದಾಗ ಮನಸ್ಸು ಮೆತ್ತಗಾಗದಿರದು. ಸಂಗ್ರಹಯೋಗ್ಯವಾದುವು ಇಂಥವೇ.

ಈ ಪದ್ಧತಿಯ ದೊಡ್ಡ ಕುಂದೆಂದರೆ, ಅಂಕಿತವು ಬದುಕಿದವರ ಸೊತ್ತು. ಸತ್ತವನು ರುಜು ಹಾಕಲಾರನು. ಮುಂದಿನ ಐವತ್ತು ವರ್ಷ ಬದುಕುವ ಭಾಗ್ಯ ಪಡೆದವನ ಹೆಸರು ಹಾಳೆಹಾಳೆಗಳಲ್ಲಿ ಮೆರೆಯುವುದು. ಮೊದಲ ವಾರವೇ ಸಮುದ್ರಕ್ಕೆ ಬಿದ್ದ ಇಪ್ಪತ್ತರ ಹುಡುಗನ ಹೆಸರು ಅಂಚಿಗೆ ಬಾರದು. 1940ರ ಬ್ರಿಟನ್ ಯುದ್ಧದಲ್ಲಿ ಹೋರಾಡಿದವರ ಪೈಕಿ ಕೊನೆಯವನಾಗಿ ಉಳಿದಿದ್ದ ಜಾನ್ ಹೆಮಿಂಗ್ವೆ 2025ರ ಮಾರ್ಚ್ 17ರಂದು 105ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಲ್ಲಿಗೆ ಆ ಯುದ್ಧದ ಸಾಕ್ಷಿಗಳ ಸಾಲು ಮುಗಿಯಿತು. ಇನ್ನು ಮುಂದೆ ಹೊಸ ಚಿತ್ರಗಳಿಗೆ ಹಳೆಯ ಕಾಗದಗಳಿಂದ ಕತ್ತರಿಸಿದ ರುಜುಗಳನ್ನು ಜೋಡಿಸಿ ಮಾರುವ ಕ್ರಮವೊಂದೇ ಉಳಿದಿರುವುದು. ಇದು ಸಾಕ್ಷಿಯಲ್ಲ. ತಾನು ನೋಡಿಯೇ ಇಲ್ಲದ ಚಿತ್ರದ ಕೆಳಗೆ ಒಬ್ಬನ ಹೆಸರನ್ನು ಕೂರಿಸುವುದು ವಿಶಾಖದತ್ತನ ಮುದ್ರಾರಾಕ್ಷಸದ ವಿದ್ಯೆ. ಅಲ್ಲಿ ರಾಕ್ಷಸನ ಉಂಗುರವು ಅವನ ಕೈಬಿಟ್ಟು ಚಾಣಕ್ಯನ ಕೈಸೇರಿ, ಅವನು ಬರೆಸದ ಪತ್ರಕ್ಕೆ ಅವನ ಮುದ್ರೆ ಬಿದ್ದಿತು. ಮುದ್ರೆ ನಿಜವಾದುದು, ಪತ್ರ ಸುಳ್ಳು.

ಯಾರ ರುಜುವು ಯುದ್ಧವಿಮಾನಕ್ಕೆ ನಿಜವಾಗಿ ಪ್ರಾಣಾಧಾರವಾಗಿತ್ತೆಂದು ವಿಚಾರಿಸಿದರೆ ಇನ್ನೊಂದು ಸಂಗತಿ ಹೊರಬರುವುದು. ಬ್ರಿಟಿಷ್ ವಾಯುಸೇನೆಯಲ್ಲಿಯೂ ಅದರ ಪದ್ಧತಿಯನ್ನು ಅನುಸರಿಸಿದ ಭಾರತೀಯ ವಾಯುಸೇನೆಯಲ್ಲಿಯೂ ಪ್ರತಿ ವಿಮಾನಕ್ಕೆ ಫಾರ್ಮ್ 700 ಎಂಬ ದಾಖಲೆಯುಂಟು. ಯಂತ್ರ, ಆಯುಧ, ವಿದ್ಯುತ್ತು ಮೊದಲಾದುವನ್ನು ಪರೀಕ್ಷಿಸಿದ ನೆಲದ ಕೆಲಸಗಾರರು ಅದರಲ್ಲಿ ರುಜು ಹಾಕಿದ ಮೇಲೆ ಚಾಲಕನು ರುಜು ಹಾಕಿ ವಿಮಾನವನ್ನು ವಹಿಸಿಕೊಳ್ಳುವನು. ಆ ರುಜುವನ್ನು ಯಾರೂ ಚೌಕಟ್ಟಿಗೆ ಹಾಕಿ ತೂಗಹಾಕಿಲ್ಲ. ಕನ್ನಡನಾಡಿನ ಮನೆಗಳಿಂದ ವಾಯುಸೇನೆಗೆ ಹೋದವರಲ್ಲಿ ಚಾಲಕರಿಗಿಂತ ಇಂಥ ಕೆಲಸದವರೇ ಹೆಚ್ಚು. 1940ರ ಡಿಸೆಂಬರಿನಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧದ ವರ್ಷಗಳಲ್ಲಿ ಅಮೆರಿಕನ್ ಸೇನೆಯ ವಿಮಾನಗಳ ದುರಸ್ತಿಗೆ ದೊಡ್ಡ ಕೇಂದ್ರವಾಗಿತ್ತು. ಅಲ್ಲಿ ಸುತ್ತಿಗೆ ಹಿಡಿದ ಕೈಗಳೂ ಯುದ್ಧ ಮಾಡಿದವೇ. ನೆವಿನ್ಸನ್ನನ ಆರು ಚಿತ್ರಗಳಲ್ಲಿ ಮೂರು ಕಾರ್ಖಾನೆಯವೆಂಬುದನ್ನು ಮತ್ತೊಮ್ಮೆ ಗಮನಿಸಬೇಕು. ಅವನ ಅನಂತರದವರು ಆ ಅರ್ಧವನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟರು.

ಈಗ ಚಿತ್ರದ ವಿಚಾರ. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರನು ಚಿತ್ರಕ್ಕೆ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳೆಂಬ ಆರಂಗಗಳನ್ನು ಹೇಳಿರುವನು. ವಿಮಾನಚಿತ್ರಕಾರರು ಇವುಗಳಲ್ಲಿ ಪ್ರಮಾಣ, ಸಾದೃಶ್ಯಗಳನ್ನು ಪರಮಾವಧಿಗೆ ಒಯ್ದಿದ್ದಾರೆ. ರೆಕ್ಕೆಯ ತಗಡಿನ ಮೊಳೆಗಳ ಸಾಲು, ಹೊಗೆಕೊಳವೆಯ ಮಸಿ, ದಳದ ಅಕ್ಷರಗಳ ಅಳತೆ, ಯಾವ ತಿಂಗಳಲ್ಲಿ ಯಾವ ಬಣ್ಣದ ಬಳಿತವಿತ್ತೆಂಬ ಲೆಕ್ಕ, ಒಂದನ್ನೂ ತಪ್ಪಗೊಡುವುದಿಲ್ಲ. ಚಾಲಕನಾಗಿದ್ದವನೇ ಎದುರಿಗೆ ಕುಳಿತು ಪರೀಕ್ಷಿಸುವಾಗ ತಪ್ಪಲು ಧೈರ್ಯವಾದರೂ ಹೇಗೆ ಬಂದೀತು? ಈ ಶ್ರದ್ಧೆಯನ್ನು ಹಗುರವಾಗಿ ಕಾಣತಕ್ಕುದಲ್ಲ. ವೈಮಾನಿಕಶಾಸ್ತ್ರವೆಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಗ್ರಂಥದ ಯಂತ್ರಚಿತ್ರಗಳನ್ನು ಇದರ ಮಗ್ಗುಲಲ್ಲಿಟ್ಟರೆ ವ್ಯತ್ಯಾಸ ತಿಳಿಯುವುದು. ಅವು ನೋಡಲು ರಮ್ಯ. ಆದರೆ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಪರೀಕ್ಷಿಸಿ, ಅಂಥ ರಚನೆಗಳು ಹಾರಲಾರವೆಂದೂ ಗ್ರಂಥವು ಪ್ರಾಚೀನವಲ್ಲವೆಂದೂ ನಿರ್ಣಯಿಸಿದರು. ಸಂಸ್ಕೃತದಲ್ಲಿದೆಯೆಂದ ಮಾತ್ರಕ್ಕೆ ಪ್ರಮಾಣವಾಗದು. ಸಂಸ್ಕೃತವನ್ನು ಪ್ರೀತಿಸುವವರೇ ಇದನ್ನು ಮೊದಲು ಹೇಳಬೇಕು.

ಆದರೆ ಭಾವವೆಂಬ ಮೂರನೆಯ ಅಂಗಕ್ಕೆ ಬಂದಾಗ ಈ ಚಿತ್ರಗಳ ದಾರಿದ್ರ್ಯವು ಹೊರಬೀಳುವುದು. ಹತ್ತರಲ್ಲಿ ಎಂಟು ಚಿತ್ರಗಳ ವಿನ್ಯಾಸ ಒಂದೇ. ಕೆಳಗೆ ಬಂಗಾರದಂಚಿನ ಮೋಡ, ನಡುವೆ ಎದುರಿಗೆ ನುಗ್ಗಿ ಬರುವ ನಾಯಕವಿಮಾನ, ಹಿಂದೆ ಮಗ್ಗುಲಾಗಿ ಹೊಗೆ ಕಾರುವ ಶತ್ರುವಿಮಾನ, ಸಂಜೆಯೋ ಮುಂಜಾವೋ ಆದ ಬೆಳಕು. ನಡುಹಗಲಿನಲ್ಲಿ ಯಾರೂ ಯುದ್ಧವನ್ನೇ ಮಾಡಲಿಲ್ಲವೋ ಎಂಬ ಸಂಶಯ ಹುಟ್ಟುವುದು! ಸುಡುವ ವಿಮಾನದ ಒಳಗೆ ಮನುಷ್ಯನಿರುವನೆಂಬುದನ್ನು ಮರೆಸುವಷ್ಟು ಮೋಡಗಳು ಚೆನ್ನಾಗಿರುತ್ತವೆ. ಲಾವಣ್ಯವು ಭಾವವನ್ನು ನುಂಗಿಬಿಡುವುದೆಂದರೆ ಇದೇ.

ಆಕಾಶದಿಂದ ಕಂಡ ನೆಲವನ್ನು ಹೇಗೆ ತೋರಿಸಬೇಕೆಂಬುದನ್ನು ಕಾಳಿದಾಸನಿಂದ ಕಲಿಯಬೇಕು. ಶಾಕುಂತಲದ ಏಳನೆಯ ಅಂಕದಲ್ಲಿ ಇಂದ್ರನ ರಥವು ದುಷ್ಯಂತನನ್ನು ಹೊತ್ತು ಇಳಿಯುತ್ತಿರುವಾಗ, ಇಳಿಯುವುದು ರಥವೆಂದು ತೋರದೆ ಭೂಮಿಯೇ ಮೇಲಕ್ಕೆ ಬರುವಂತೆ ವರ್ಣಿತವಾಗಿದೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕದಿಂದ ಸಮುದ್ರವನ್ನೂ ದಂಡಕಾರಣ್ಯವನ್ನೂ ರಾಮನು ಸೀತೆಗೆ ತೋರಿಸುವನು. ಅಲ್ಲಿ ಪ್ರತಿಯೊಂದು ಗುಡ್ಡಕ್ಕೂ ಅವರ ದುಃಖದ ನೆನಪು ಅಂಟಿಕೊಂಡಿದೆ. ಅಲ್ಲಿ ವಿಮಾನದ ವರ್ಣನೆ ಸ್ವಲ್ಪ, ವಿಮಾನದಲ್ಲಿ ಕುಳಿತವರ ಕಣ್ಣು ಹೆಚ್ಚು. ಎರಡನೆಯ ಮಹಾಯುದ್ಧದ ಚಿತ್ರಗಳಲ್ಲಿ ಈ ಮಟ್ಟಕ್ಕೆ ಸಮೀಪಿಸುವುದು ಪಾಲ್ ನ್ಯಾಶನು 1940-41ರಲ್ಲಿ ಬರೆದ, ಮೃತಸಮುದ್ರವೆಂಬ ಅರ್ಥದ ಜರ್ಮನ್ ಹೆಸರನ್ನುಳ್ಳ ಚಿತ್ರ. ಆಕ್ಸ್‌ಫರ್ಡಿನ ಬಳಿ ರಾಶಿಹಾಕಿದ್ದ ಮುರಿದ ಜರ್ಮನ್ ವಿಮಾನಗಳು ಅದರಲ್ಲಿ ಬೆಳದಿಂಗಳಿನಲ್ಲಿ ಹೆಪ್ಪುಗಟ್ಟಿದ ತೆರೆಗಳಾಗಿ ಕಾಣುವುವು. ಒಂದು ಮೊಳೆಯೂ ಅದರಲ್ಲಿ ಎಣಿಕೆಗೆ ಸಿಕ್ಕದು. ಆದರೂ ಯುದ್ಧವೆಂದರೇನೆಂಬುದು ಅದರಿಂದ ತಿಳಿಯುವಷ್ಟು ಎಂಟುನೂರು ಸ್ಪಿಟ್‌ಫೈರುಗಳಿಂದ ತಿಳಿಯದು. 1944ರಲ್ಲಿ ನಾರ್ಮಂಡಿಯ ವಿಮಾನನೆಲೆಗಳಿಗೇ ಹೋಗಿ ಬರೆದ ಫ್ರಾಂಕ್ ವೂಟನ್ನನ ಚಿತ್ರಗಳು ಇವೆರಡರ ನಡುವಿನವು. ಅವುಗಳಲ್ಲಿ ಕೆಸರು ಇದೆ, ಗಾಳಿ ಇದೆ, ಕಾಯುತ್ತ ಕುಳಿತ ಮನುಷ್ಯರಿದ್ದಾರೆ.

ತಾನು ಬಾಳಿದ ಬಾಳನ್ನು ಚಿತ್ರದಲ್ಲಿ ಕಂಡವನಿಗೆ ಏನಾಗುವುದು? ಭವಭೂತಿಯ ಉತ್ತರರಾಮಚರಿತದ ಮೊದಲ ಅಂಕವೇ ಇದಕ್ಕೆ ಉತ್ತರ. ಲಕ್ಷ್ಮಣನು ರಾಮಸೀತೆಯರಿಗೆ ಅವರ ಚರಿತ್ರೆಯ ಚಿತ್ರಸಾಲನ್ನು ತೋರಿಸುವನು. ಅಲ್ಲಿಯೂ ಅಸ್ತ್ರಗಳ ಚಿತ್ರವಿದೆ. ಆದರೆ ಯಾರ ಕಣ್ಣೂ ಅಸ್ತ್ರಗಳ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಶೂರ್ಪಣಖಿಯನ್ನು ಕಂಡು ಸೀತೆ ಬೆದರುವಳು. ಇದು ಚಿತ್ರವಷ್ಟೇ ಎಂದು ರಾಮನು ಸಮಾಧಾನ ಹೇಳಬೇಕಾಗುವುದು. ಜನಸ್ಥಾನದ ಚಿತ್ರ ಬಂದಾಗ ಸಮಾಧಾನ ಹೇಳಿದವನೇ ಕಣ್ಣೀರು ಸುರಿಸುವನು. ಗೆದ್ದವರೇ ತಮ್ಮ ಗೆಲುವಿನ ಚಿತ್ರವನ್ನು ನೋಡಿ ಅತ್ತರು. ಅಂಚಿನಲ್ಲಿ ರುಜು ಹಾಕಲು ಕುಳಿತ ಎಂಬತ್ತರ ಮುದುಕನ ಮನಸ್ಸಿನಲ್ಲಿಯೂ ಇಂಥದೇನೋ ಸುಳಿದಿರಲೇಬೇಕು. ನೂರಾರು ಹಾಳೆಗಳಿಗೆ ಒಂದೇ ಸಮನೆ ರುಜು ಹಾಕುವ ಕೆಲಸವು ಅದಕ್ಕೆ ಎಷ್ಟು ಅವಕಾಶ ಕೊಟ್ಟೀತು ಎಂಬುದು ಬೇರೆ ಮಾತು.

ಮೈಸೂರಿನ ವಿಮಾನದಳಕ್ಕೆ ಬರುವುದಾದರೆ, ಅದರ ಸಂಖ್ಯೆ 129. ಸಂಸ್ಥಾನದ ಕಾಣಿಕೆಯ ಗೌರವಾರ್ಥವಾಗಿ ಮೈಸೂರು ದಳವೆಂದು ಹೆಸರು ಪಡೆದು 1941ರ ಜೂನಿನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡಿನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಡನೆ ಅದು ಏರ್ಪಟ್ಟಿತು. ಒಂದು ಸ್ಪಿಟ್‌ಫೈರಿಗೆ ಆಗ ಕಾಣಿಕೆಯ ಲೆಕ್ಕದಲ್ಲಿ 5,000 ಪೌಂಡೆಂದು ಗೊತ್ತುಮಾಡಿದ್ದರು. 1942ರ ಆಗಸ್ಟಿನ ಡಿಯೆಪ್ ದಾಳಿಯಲ್ಲಿ ಆ ದಳ ಪಾಲುಗೊಂಡಿತು, 1944ರಲ್ಲಿ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿ, ಲಂಡನ್ನಿನ ಮೇಲೆ ಬರುತ್ತಿದ್ದ ಚಾಲಕನಿಲ್ಲದ ಹಾರುಬಾಂಬುಗಳನ್ನು ಕೆಡವುವ ಕೆಲಸ ಮಾಡಿತು, 1945ರಲ್ಲಿ ನಾರ್ವೆಯಲ್ಲಿತ್ತು, 1946ರಲ್ಲಿ ಅದಕ್ಕೆ 257 ಎಂಬ ಬೇರೆ ಸಂಖ್ಯೆ ಬಂದು ಮೈಸೂರಿನ ಹೆಸರು ಹೋಯಿತು. ಅದರ ಲಾಂಛನದಲ್ಲಿದ್ದುದು ಗಂಡಭೇರುಂಡ, 1047ರಲ್ಲಿ ಬಳ್ಳಿಗಾವೆಯ ಕಂಬದ ಮೇಲೆ ಚಾವುಂಡರಾಯರಸನು ನಿಲ್ಲಿಸಿದ ಅದೇ ಪಕ್ಷಿ. ಈ ದಳದ ಚಾಲಕರಾದರೋ ಬಹುತೇಕ ಬ್ರಿಟನ್ನಿನವರು, ಅದರ ಅಧೀನದೇಶಗಳವರು, ಜರ್ಮನಿಗೆ ನೆಲ ಕಳೆದುಕೊಂಡ ಯೂರೋಪಿನವರು. ಹಣ ಮತ್ತು ಹೆಸರು ಮೈಸೂರಿನವು, ಪ್ರಾಣ ಮತ್ತು ರುಜು ಅವರವು. ಇಂಥ ಚಿತ್ರವನ್ನು ಕೊಳ್ಳುವ ಕನ್ನಡಿಗನು ವಿಮಾನದ ಒಡಲ ಮೇಲೆ ಡಿ. ವಿ. ಎಂಬ ದಳದ ಅಕ್ಷರಗಳಿವೆಯೇ ಎಂದು ನೋಡಬೇಕು. ಮೂತಿಯ ಮೇಲೆ ದೊಡ್ಡ ಗಂಡಭೇರುಂಡವನ್ನು ಬರೆದು ಅಭಿಮಾನವನ್ನು ಕೆಣಕುವ ಚಿತ್ರವಿದ್ದರೆ ಅದನ್ನು ಸಂಶಯದಿಂದ ನೋಡುವುದು ಲೇಸು. ಅಭಿಮಾನವು ಪ್ರಮಾಣವಲ್ಲ.

ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯ ಇದಕ್ಕಿಂತ ಗಹನವಾದುದು. 1965ರ ಸೆಪ್ಟೆಂಬರ್ 7ರಂದು ಒಂದನೆಯ ದಳದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟುವು. ದೇವಯ್ಯನವರು ಆ ದಿನ ಮೀಸಲಿನವರು. ಒಂದು ವಿಮಾನವು ಹಿಂದುಳಿದುದರಿಂದ ಅವರು ಸಾಲಿಗೆ ಸೇರಿದರು. ದಾಳಿ ಮುಗಿದು ಮರಳುವಾಗ ಸ್ಟಾರ್‌ಫೈಟರ್ ಎಂಬ, ಶಬ್ದಕ್ಕೆ ಇಮ್ಮಡಿ ವೇಗದ ಶತ್ರುವಿಮಾನವು ಎರಗಿತು. ಪೆಟ್ಟುತಿಂದ ಮಿಸ್ಟೇರನ್ನು ತಿರುಗಿಸಿಕೊಂಡು ದೇವಯ್ಯನವರು ಹೋರಾಡಿದರು, ಸ್ಟಾರ್‌ಫೈಟರ್ ಬಿದ್ದಿತು, ಅದರ ಚಾಲಕ ಅಮ್ಜದ್ ಹುಸೇನನು ಕೊಡೆಯಿಂದ ಇಳಿದು ಬದುಕಿದನು. ದೇವಯ್ಯನವರು ಮರಳಲಿಲ್ಲ. ಜೊತೆಯವರಲ್ಲಿ ಯಾರೊಬ್ಬರೂ ಈ ದ್ವಂದ್ವವನ್ನು ಕಂಡಿರಲಿಲ್ಲ. ಅವರು ಕಾಣೆಯಾದರೆಂಬುದಷ್ಟೇ ದಾಖಲೆಗೆ ಬಂತು. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕನು ಪಾಕಿಸ್ತಾನದ ಪಕ್ಷದ ವೃತ್ತಾಂತವನ್ನು ಬರೆದ ಗ್ರಂಥದಿಂದ ಸಂಗತಿ ಹೊರಬಿತ್ತು. 1988ರಲ್ಲಿ, ಮಡಿದ 23 ವರ್ಷಗಳ ಮೇಲೆ, ಮಹಾವೀರಚಕ್ರವು ಅವರಿಗೆ ಸಂದಿತು.

ಈ ದ್ವಂದ್ವವನ್ನು ಬರೆಯಹೊರಡುವ ಚಿತ್ರಕಾರನ ಕಷ್ಟವನ್ನು ಯೋಚಿಸಬೇಕು. ನಾಯಕನಿಂದ ಒಂದು ಮಾತೂ ಸಿಕ್ಕದು. ಸ್ವಪಕ್ಷದ ಸಾಕ್ಷಿಯಿಲ್ಲ. ಇರುವ ಸಾಕ್ಷ್ಯವೆಲ್ಲ ಎದುರಾಳಿಯ ಕಡೆಯಿಂದ ಬಂದುದು. ಮೋಡ ಹೇಗಿತ್ತು, ಯಾವ ಎತ್ತರ, ಯಾವ ಕೋನ, ಪೆಟ್ಟುತಿಂದ ರೆಕ್ಕೆಯ ಬಣ್ಣ ಹೇಗಾಯಿತು ಎಂಬುದೆಲ್ಲ ಊಹೆ. ಹಾಗಾದರೆ ಚಿತ್ರ ಸುಳ್ಳಾಗುವುದೋ? ಇಲ್ಲಿ ಶ್ರೀಶಂಕುಕನ ಚಿತ್ರತುರಗನ್ಯಾಯವು ಒದಗುವುದು. ಬರೆದ ಕುದುರೆಯನ್ನು ನೋಡಿದಾಗ ಹುಟ್ಟುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಅಭಿನವಗುಪ್ತನು ಈ ಮತವನ್ನು ಖಂಡಿಸಿದನೆಂಬುದು ವಿದ್ವಾಂಸರಿಗೆ ಗೊತ್ತಿದ್ದ ವಿಷಯ; ಆದರೂ ಚಿತ್ರದ ಮಟ್ಟಿಗೆ ಶಂಕುಕನ ಮಾತು ಸತ್ವಹೀನವಲ್ಲ. ಊಹೆಯಿಂದ ಬರೆದ ಚಿತ್ರಕ್ಕೆ ದೋಷವಿಲ್ಲ. ಊಹೆಯನ್ನು ಪ್ರತ್ಯಕ್ಷವೆಂದು ಮಾರುವುದರಲ್ಲಿ ದೋಷ.

ಮಡಿದವರಿಗಾಗಿಯೇ ಹುಟ್ಟಿದ ಚಿತ್ರಕಲೆಯೊಂದು ಕನ್ನಡನಾಡಿನಲ್ಲಿ ಶತಮಾನಗಳಿಂದ ಉಂಟು. ಅದು ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕೂರಿಸಿ ಒಯ್ಯುವುದು. ಮೇಲಿನದರಲ್ಲಿ ದೇವರ ಸನ್ನಿಧಿ. ವಿಮಾನವೆಂಬುದು ಅಲ್ಲಿ ಕೊಲ್ಲುವ ಯಂತ್ರವಲ್ಲ, ಸತ್ತ ಮೇಲಿನ ವಾಹನ. ಕಾಳಗದ ಪಟ್ಟಿಕೆಯನ್ನು ಕಡೆದ ಶಿಲ್ಪಿಯೂ ಅದನ್ನು ಕಣ್ಣಾರೆ ಕಂಡವನಲ್ಲ. ತುರು ಕದ್ದವರು ಎಷ್ಟು ಮಂದಿ, ಬಾಣ ಎಲ್ಲಿ ನಾಟಿತು ಎಂಬುದನ್ನು ಊರವರು ಹೇಳಿದಂತೆ ಕಡೆದನು. ವೀರನ ರುಜು ಅಲ್ಲಿಲ್ಲ. ಕಲ್ಲನ್ನು ನಿಲ್ಲಿಸಿದವರ ಹೆಸರುಂಟು, ಊರ ಹೆಸರುಂಟು. ಎಷ್ಟು ಪ್ರತಿಯೆಂದರೆ ಒಂದೇ. ದೇವಯ್ಯನವರ ಚಿತ್ರವು ಈ ಮಾದರಿಯನ್ನು ಅನುಸರಿಸುವುದು ಉಚಿತ. ಅಂಚಿನಲ್ಲಿ ಹೆಸರಾಂತ ಬೇರೊಬ್ಬ ಚಾಲಕನ ರುಜುವನ್ನು ಹಾಕಿಸಿ ಬೆಲೆಯೇರಿಸುವುದಕ್ಕಿಂತ, ಸಂಗತಿಯು ಯಾರಿಂದ, ಯಾವ ವರ್ಷ, ಯಾವ ಗ್ರಂಥದಿಂದ ತಿಳಿದುಬಂತೆಂದು ಎರಡು ಸಾಲು ಬರೆಯುವುದು ಹೆಚ್ಚು ಗೌರವ. ಶತ್ರುವಿನ ಸಾಕ್ಷ್ಯದಿಂದ ಸ್ಥಾಪಿತವಾದ ವೀರತ್ವಕ್ಕೆ ಇನ್ನಾವ ಪ್ರಮಾಣಪತ್ರ ಬೇಕು?

ಇಂಥ ಚಿತ್ರಗಳನ್ನು ಮನೆಯಲ್ಲಿ ತೂಗಹಾಕಬಹುದೇ ಎಂಬುದು ಉಳಿದ ಪ್ರಶ್ನೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಈ ವಿಷಯದಲ್ಲಿ ಖಚಿತವಾಗಿದೆ. ಗೃಹಸ್ಥನ ಮನೆಯ ಗೋಡೆಗೆ ಶೃಂಗಾರ, ಹಾಸ್ಯ, ಶಾಂತಗಳಷ್ಟೇ ತಕ್ಕುವು. ಯುದ್ಧ, ಮರಣ, ದುಃಖಗಳ ಚಿತ್ರಗಳು ಅಲ್ಲಿ ಸಲ್ಲವು. ಅರಸನ ಸಭೆಯಲ್ಲಿಯೂ ದೇವಾಲಯದಲ್ಲಿಯೂ ಎಲ್ಲ ರಸಗಳಿಗೂ ಎಡೆಯುಂಟು. ಇದನ್ನು ಅಪಶಕುನದ ಭಯವೆಂದು ತಳ್ಳಿಹಾಕುವವರು ಇರಬಹುದು. ದಿನವೂ ಊಟಕ್ಕೆ ಕುಳಿತಾಗ ಎದುರಿಗೆ ಸುಡುವ ವಿಮಾನವೊಂದಿದ್ದರೆ ಎರಡು ತಿಂಗಳಲ್ಲಿ ಅದು ಹೂಕುಂಡದಷ್ಟೇ ಆಗಿಬಿಡುವುದು. ಮಕ್ಕಳು ಅದನ್ನು ಆಟಿಕೆಯಂತೆ ಕಾಣುವರು. ಬೆಂಗಳೂರಿನ ಎಚ್‌.ಎ.ಎಲ್‌. ವಸ್ತುಸಂಗ್ರಹಾಲಯದಂಥ ಸ್ಥಳಗಳು, ಶಾಲೆಯ ಗ್ರಂಥಾಲಯ, ಸಭಾಭವನ, ಇವೇ ಇಂದಿನ ರಾಜಸಭೆಗಳು. ಮನೆಯಲ್ಲಿಯೇ ಇಡಬೇಕೆಂಬವರು ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ತೆಗೆದು ನೋಡುವುದರಿಂದ ನಷ್ಟವೇನೂ ಇಲ್ಲ. ಚೀನಾ ಜಪಾನುಗಳ ಸುರುಳಿಚಿತ್ರಗಳನ್ನು ಹಾಗೆಯೇ ಇಡುವರು.

ಕರಾವಳಿಯಲ್ಲಿ ಇಂಥ ಹಾಳೆಗಳನ್ನಿಡುವವರು ಕೆಲವು ಸಂಗತಿಗಳನ್ನು ಗಮನಿಸತಕ್ಕುದು. ಕೈಯ ರುಜುವೋ ಅಚ್ಚಿನ ರುಜುವೋ ಎಂದು ತಿಳಿಯಲು ಭೂತಗನ್ನಡಿ ಸಾಕು. ಅಚ್ಚಿನದಾದರೆ ಬಣ್ಣದ ಬಿಂದುಗಳು ಕಾಣುವುವು, ಸೀಸದಕಡ್ಡಿಯದಾದರೆ ಓರೆಬೆಳಕಿನಲ್ಲಿ ಗೀರು ಬೆಳ್ಳಗೆ ಮಿನುಗುವುದು. ಸೀಸದಕಡ್ಡಿಯ ಬರಹವು ಬಿಸಿಲಿಗೆ ಮಾಸದು. ಆದರೆ ಅಚ್ಚಿನ ಬಣ್ಣಗಳು, ಅವುಗಳಲ್ಲಿ ಮುಖ್ಯವಾಗಿ ಕೆಂಪು ಹಳದಿಗಳು, ಮಾಸಿಹೋಗುವುವು. ಕೆಲವು ವರ್ಷಗಳಲ್ಲಿ ಸಂಜೆಯ ಯುದ್ಧವು ನೀಲಿ ಮುಂಜಾವಿನ ಯುದ್ಧವಾಗಿ ತೋರುವುದು. ಆದಕಾರಣ ಬಿಸಿಲು ಬೀಳುವ ಗೋಡೆ ಬೇಡ. ಚೌಕಟ್ಟಿನ ಬೆನ್ನಿಗೆ ಅಗ್ಗದ ರಟ್ಟನ್ನಿಟ್ಟರೆ ಅದರ ಹುಳಿಯು ಕಾಗದವನ್ನು ಹಳದಿಗಟ್ಟಿಸುವುದು. ಗಾಜು ಹಾಳೆಗೆ ತಗಲದಂತೆ ನಡುವೆ ಅಂಚುಪಟ್ಟಿ ಕೊಡಬೇಕು. ಇಲ್ಲವಾದರೆ ಆಷಾಢದ ತೇವಕ್ಕೆ ಹಾಳೆಯು ಗಾಜಿಗೆ ಅಂಟಿಕೊಂಡು ಬೂಷ್ಟು ಹಿಡಿಯುವುದು. ಮಳೆ ಬೀಳುವ ಪಡುಗೋಡೆಯ ಒಳಮೈಯಲ್ಲಿ ಯಾವ ಪಟವನ್ನೂ ತೂಗಹಾಕತಕ್ಕುದಲ್ಲ. ಮಳೆಗಾಲ ಕಳೆದು ನವರಾತ್ರಿಗೆ ಮನೆ ತೊಳೆಯುವಾಗ ಒಮ್ಮೆ ಚೌಕಟ್ಟಿನ ಬೆನ್ನು ಬಿಚ್ಚಿ, ಗೆದ್ದಲಿನ ಮಣ್ಣಿನ ಗೆರೆ ಇದೆಯೇ ಎಂದು ನೋಡಿ, ನೆರಳಿನಲ್ಲಿ ಗಾಳಿಗಿಡುವುದು ಸಾಕು.